ಅಜ್ಜಿ ಕೊಂಡ ಸ್ಪೀಕರುಗಳು

ಬುಧವಾರ ಮಧ್ಯಾಹ್ನ ಸೊಸೆ ಬೇಕರಿ ಕೆಲಸ ಮುಗಿಸಿ, ಮೂರು ಮಹಡಿ ಹತ್ತಿ ಬಂದು ಬಾಗಿಲು ತೆಗೆದಾಗ ಊಟದ ಮೇಜು ತನ್ನ ಜಾಗದಲ್ಲಿರಲಿಲ್ಲ. ಅದನ್ನು ಯಾರೋ ಕಿಟಕಿ ಪಕ್ಕದ ಗೋಡೆಗೆ ತಳ್ಳಿದ್ದರು. ಮೇಜಿದ್ದಲ್ಲಿ ಈಗ ಎರಡು ಸ್ಟೂಲು, ಒಂದೊಂದರ ಮೇಲೂ ಒಂದೊಂದು ಮರದ ಪೆಟ್ಟಿಗೆ. ಅವುಗಳ ಎದುರಿನ ಕುರ್ಚಿಯಲ್ಲಿ ಅತ್ತೆ ಕೂತಿದ್ದರು, ಕೈಯಲ್ಲಿ ಮಗನ ಅಳತೆ ಟೇಪು.

“ಅಲ್ಲೇ ನಿಲ್ಲು. ವೈರು ತುಳೀಬೇಡ,” ಎಂದರು ಅತ್ತೆ.

“ಏನತ್ತೆ ಇದು?”

“ಸ್ಪೀಕರು. ಹಳೇದು, ಆದ್ರೆ ಗಟ್ಟಿ. ಅದು ಆಂಪ್ಲಿಫೈಯರು. ಅದರ ಮೇಲಿರೋದು ಸಿ.ಡಿ. ಹಾಕೋದು. ಎಲ್ಲ ಸೇರಿ ನನ್ನ ಎರಡು ತಿಂಗಳ ಪಿಂಚಣಿ. ಹೊಸದಾದ್ರೆ ಎರಡು ವರ್ಷದ್ದು ಬೇಕಾಗ್ತಿತ್ತಂತೆ.”

ಸೊಸೆ ಬೆಳಗಿನ ಜಾವಕ್ಕೆ ಎದ್ದವಳು. ಕೂದಲಲ್ಲಿ ಇನ್ನೂ ಹಿಟ್ಟಿತ್ತು. ಕೈಚೀಲದಿಂದ ಬ್ರೆಡ್ಡು ತೆಗೆದು ಮೇಜಿನ ಮೇಲಿಟ್ಟು, “ಮೇಜನ್ನ ಗೋಡೆಗೆ ಅಂಟಿಸಿಬಿಟ್ರೆ ನಾಲ್ಕನೆಯವರು ಎಲ್ಲಿ ಕೂತು ಉಣ್ಣೋದು? ಕಿಟಕಿಯಿಂದ ಹೊರಗಾ?” ಎಂದಷ್ಟೇ ಕೇಳಿ, ಒಳಗೆ ಹೋಗಿ ಮಲಗಿಬಿಟ್ಟಳು.

ಮನೆಯಲ್ಲಿ ನಾಲ್ಕೇ ಜನ. ಅಜ್ಜಿ, ಎರಡು ಬೀದಿ ಆಚೆ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ಇಟ್ಟಿದ್ದ ಅವರ ಮಗ, ಬೇಕರಿಯ ಸೊಸೆ, ಮತ್ತು ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ, ಹತ್ತೊಂಬತ್ತರ ಮೊಮ್ಮಗಳು. ಅವಳ ಮಾತಿನ ಭರಾಟೆ ನೋಡಿ ಮನೆಯವರೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಇದಕ್ಕೆಲ್ಲ ಕಿಡಿ ಹಚ್ಚಿದ್ದವಳೂ ಅವಳೇ.

ಅಜ್ಜಿ ಇಪ್ಪತ್ತೆಂಟು ವರ್ಷ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವರು. ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಅದರ ನೆತ್ತಿಯ ಮೇಲೇ ಹೋಟೆಲಿನ ಸಭಾಂಗಣ, ಅಲ್ಲಿ ದಿನಾ ಸಂಜೆ ಜಾಝ್ ಬ್ಯಾಂಡು. ವಾದಕರ ಬಿಳಿ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡುತ್ತಿದ್ದವರು ಅಜ್ಜಿಯೇ. ಯಾರ ಕಾಲರು ಬೆವರಿನಿಂದ ಮೊದಲು ಹಳದಿಗಟ್ಟುತ್ತದೆ, ಯಾರ ತೋಳು ಮೊಣಕೈ ಹತ್ತಿರ ಸವೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಒಂದು ಸಂಜೆಯೂ ಅವರು ಮೇಲೆ ಹೋಗಿ ಕೇಳಿದ್ದಿಲ್ಲ. ಕೆಲಸದವರು ಹೋಗುವಂತಿರಲಿಲ್ಲ. ಚಾವಣಿಯ ಮೂಲಕ ಇಳಿದು ಬರುತ್ತಿದ್ದದ್ದು ಡಬಲ್ ಬೇಸ್ ಎಂಬ ಆಳೆತ್ತರದ ತಂತಿವಾದ್ಯದ ಗುಂಯ್‌ಗುಡುವಿಕೆ ಮತ್ತು ಕುಣಿಯುವವರ ಹೆಜ್ಜೆ, ಅಷ್ಟೇ. ಅಷ್ಟರಲ್ಲೇ ಅಜ್ಜಿ ಹತ್ತಾರು ಹಾಡುಗಳನ್ನು ಕಲಿತಿದ್ದರು. ಆಲೂಗಡ್ಡೆ ಸುಲಿಯುವಾಗ ಅವನ್ನು ಗುನುಗಿದರೆ ಮನೆಯವರಿಗೆ ಯಾವುದೋ ಮೋಟಾರು ಓಡಿದ ಹಾಗೆ ಕೇಳುತ್ತಿತ್ತು.

ಹಿಂದಿನ ತಿಂಗಳು ಪಟಾಕಿ ತನ್ನ ಫೋನಿನಲ್ಲಿ ಜಾಝ್ ಹುಡುಕಿ, “ಅಜ್ಜಿ, ಕೇಳು, ನಿನ್ನ ಹೋಟೆಲಿನ ಸಂಗೀತ,” ಎಂದು ಮುಂದಿಟ್ಟಿದ್ದಳು. ಅಜ್ಜಿ ಫೋನನ್ನು ಕಿವಿಗೆ ಒತ್ತಿ, ಅಲುಗಾಡಿಸಿ, ಮತ್ತೆ ಒತ್ತಿ, “ಇದಲ್ಲ. ಇದರಲ್ಲಿ ನಾನು ಕೇಳಿದ್ದು ಒಂದು ಚೂರೂ ಇಲ್ಲ,” ಎಂದರು.

“ಅದೇ ಅಜ್ಜಿ! ನೀನು ಹೇಳಿದ ಹಾಡೇ.”

“ಹಾಗಾದ್ರೆ ನನಗೆ ಸಿಕ್ಕಿದ್ದ ಅರ್ಧ ಇದಕ್ಕೆ ಸಿಕ್ಕಿಲ್ಲ. ಇದಕ್ಕೆ ಸಿಕ್ಕಿರೋ ಅರ್ಧ ನನಗೆ ಸಿಕ್ಕಿರಲಿಲ್ಲ.”

ಪೂರ್ತಿ ಕೇಳಬೇಕಾದರೆ ಏನು ಮಾಡಬೇಕೆಂದು ವಿಚಾರಿಸಲು ಅಜ್ಜಿ ತಾವೇ ಹಳೆ ರೇಡಿಯೊ ಅಂಗಡಿಗೆ ಹೋದರು. ಅಂಗಡಿಯವನು ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟ ಮುದುಕ. ಗಿರಾಕಿಯ ಕಿಸೆ ನೋಡಿ ಮಾತಾಡುವವನಲ್ಲ. “ಪೆಟ್ಟಿಗೆ ದುಬಾರಿ ಇರಬೇಕಾಗಿಲ್ಲಮ್ಮ. ರೆಕಾರ್ಡಿಂಗ್ ಒಳ್ಳೇದಿರಬೇಕು, ಪೆಟ್ಟಿಗೆ ಇಡೋ ಜಾಗ ಸರಿ ಇರಬೇಕು. ಕೆಟ್ಟ ರೆಕಾರ್ಡಿಂಗನ್ನ ಯಾವ ರಾಜನ ಮನೇಲಿ ಹಾಕಿದ್ರೂ ಅದು ಕೆಟ್ಟದೇ,” ಎಂದು ರಟ್ಟಿನ ಡಬ್ಬಿಯಿಂದ ನಾಲ್ಕು ಸಿ.ಡಿ. ಆರಿಸಿ ಕೊಟ್ಟಿದ್ದ. ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಮುಂದಿಡಬೇಕು, ಕಿವಿಯ ಎತ್ತರಕ್ಕಿಡಬೇಕು, ಅವೆರಡರ ನಡುವೆ ಎಷ್ಟು ದೂರವೋ ಕೂರುವವರಿಗೂ ಅಷ್ಟೇ ದೂರವಿರಬೇಕು ಎಂದು ಬೆರಳಲ್ಲಿ ತ್ರಿಕೋನ ಬರೆದು ತೋರಿಸಿದ್ದ.

ಆ ತ್ರಿಕೋನ ಈಗ ಮನೆಯ ನಟ್ಟನಡುವೆ ಬಂದು ಕೂತಿತ್ತು.

ಮೊದಲ ವಾರವಿಡೀ ಅದರದ್ದೇ ಜಗಳ. ರಾತ್ರಿ ಊಟಕ್ಕೆ ಮೂವರು ಮೇಜಿನ ಸುತ್ತ, ಒಬ್ಬರು ತಟ್ಟೆ ತೊಡೆಯ ಮೇಲೆ. ಸರದಿ ಪ್ರಕಾರ ಎಂದು ಪಟಾಕಿ ಚೀಟಿ ಬರೆದು ಅಂಟಿಸಿದಳು. ಮಗನ ಸರದಿ ಬಂದಾಗ ಸೂಪು ಪ್ಯಾಂಟಿನ ಮೇಲೆ ಚೆಲ್ಲಿತು.

“ಅಮ್ಮಾ, ಆ ಪೆಟ್ಟಿಗೇನ ಒಂದಿಷ್ಟು ಹಿಂದಕ್ಕೆ ತಳ್ಳಿದ್ರೆ ಏನಾಗುತ್ತೆ?”

“ಹಿಂದಕ್ಕೆ ತಳ್ಳಿದ್ರೆ ಬೇಸು ಊದಿಕೊಳ್ಳುತ್ತೆ.”

“ಏನು ಊದಿಕೊಳ್ಳುತ್ತೆ?”

“ಹಲ್ಲು ನೋವು ಬಂದೋರ ಕೆನ್ನೆ ಥರ. ನೀನೇ ಕೇಳು ಬೇಕಾದ್ರೆ.” ಅಜ್ಜಿ ಎದ್ದು ಸ್ಪೀಕರನ್ನು ಗೋಡೆಗೆ ತಾಗಿಸಿ ಹಾಕಿ ತೋರಿಸಿದರು, ಮತ್ತೆ ಮುಂದಕ್ಕೆಳೆದು ತೋರಿಸಿದರು. ಮಗ ಒದ್ದೆ ಪ್ಯಾಂಟಿನಲ್ಲೇ ಕೂತು ಎರಡು ಸಲವೂ ಕೇಳಿದ. ವ್ಯತ್ಯಾಸ ಅವನಿಗೆ ಸ್ಪಷ್ಟವಾಗಿಯೇ ಗೊತ್ತಾಯಿತು. ಹೆಂಡತಿಯ ಮುಖ ನೋಡಿ, “ನನಗೇನೂ ಗೊತ್ತಾಗಲಿಲ್ಲ,” ಎಂದ.

ಊಟದ ಮೇಜಿನ ಜಗಳ ನಗುವಿನಲ್ಲಿ ಮುಗಿಯುವಂಥದ್ದು. ನಿದ್ದೆಯದು ಹಾಗಲ್ಲ. ಸೊಸೆಯ ರಾತ್ರಿ ಶುರುವಾಗುತ್ತಿದ್ದದ್ದು ಮಧ್ಯಾಹ್ನ ಒಂದಕ್ಕೆ. ಐದರವರೆಗೆ ಮಲಗಿ, ಎದ್ದು ಮನೆಗೆಲಸ ಮಾಡಿ, ಮತ್ತೆ ಒಂದಿಷ್ಟು ಹೊತ್ತು ಮಲಗಿ, ಜಾವದಲ್ಲಿ ಒಲೆ ಹಚ್ಚಲು ಹೋಗಬೇಕು. ಅಜ್ಜಿ ಅವಳಿಗಾಗಿ ಶಬ್ದ ತಗ್ಗಿಸುತ್ತಿದ್ದರು, ಬಾಗಿಲಿನ ಸಂದಿಗೆ ಟವೆಲ್ ತುರುಕುತ್ತಿದ್ದರು. ಆದರೂ ಸೊಸೆ ಮೂರು ಗಂಟೆಗೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬರುತ್ತಿದ್ದಳು.

“ಇಷ್ಟು ಸಣ್ಣಗೆ ಇಟ್ಟಿದ್ದೀನಲ್ಲೇ!”

“ಸಣ್ಣಗೆ ಇಟ್ರೂ ಮಂಚ ಅಲ್ಲಾಡುತ್ತೆ ಅತ್ತೆ.”

ಪಟಾಕಿ ತನ್ನ ಸಂಬಳದಲ್ಲಿ ಹೆಡ್‌ಫೋನು ತಂದುಕೊಟ್ಟಳು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು, ಅಜ್ಜಿಯೊಬ್ಬರನ್ನು ಬಿಟ್ಟು. “ಇದರಲ್ಲಿ ಬ್ಯಾಂಡು ನನ್ನ ತಲೆಯೊಳಗೆ ನುಗ್ಗಿ ಕೂತುಬಿಡುತ್ತೆ. ಅವರು ನನ್ನೆದುರಿಗೆ ನಿಂತು ಬಾರಿಸಬೇಕು ಕಣೇ,” ಎಂದರು. ಆದರೂ ಸೊಸೆಯ ಸಲುವಾಗಿ ಎರಡು ದಿನ ಹಾಕಿಕೊಂಡರು. ಎರಡನೆಯ ದಿನ ಒಲೆ ಮೇಲೆ ಆಲೂಗಡ್ಡೆ ಇಟ್ಟು ಹೆಡ್‌ಫೋನು ಏರಿಸಿದ್ದರು. ಅವತ್ತು ಸೊಸೆಗೆ ಬೇಕರಿಯಲ್ಲಿ ತಡವಾಗಿತ್ತು, ಮಗ ಕೀಲಿ ಮರೆತು ಹೋಗಿದ್ದ. ಅವನು ಬಂದು ಬಾಗಿಲು ಬಡಿದ, ಗಂಟೆ ಒತ್ತಿದ, ಕೂಗಿದ. ಹೊಗೆ ಬಾಗಿಲ ಕೆಳಗಿಂದ ಹೊರಗೆ ಬಂತು. ಕೆಳಗಿನ ಮನೆಯವರೆಲ್ಲ ಮೆಟ್ಟಿಲೇರಿ ಬಂದರು. ಕೊನೆಗೆ ಮಗ ಭುಜ ಕೊಟ್ಟು ಚಿಲಕ ಮುರಿದು ಒಳಗೆ ನುಗ್ಗಿದರೆ, ಅಜ್ಜಿ ಹೊಗೆಯ ನಡುವೆ ಕಣ್ಣು ಮುಚ್ಚಿ, ಕಾಲು ಅಲ್ಲಾಡಿಸುತ್ತಾ ಕೂತಿದ್ದರು.

“ಅಮ್ಮಾ!”

ಅಜ್ಜಿ ಕಣ್ಣು ಬಿಟ್ಟು, ಮಗನ ಹಿಂದೆ ನಿಂತಿದ್ದ ಏಳು ಜನರನ್ನು ನೋಡಿ, “ಏನಾದ್ರೂ ವಿಶೇಷವಾ?” ಎಂದರು.

ಕೆಳಗಿನ ಮನೆಯವರು ಬಿದ್ದು ಬಿದ್ದು ನಕ್ಕರು. ಪಾತ್ರೆ ಮಾತ್ರ ಮತ್ತೆ ಬಳಸುವ ಹಾಗಿರಲಿಲ್ಲ. ಹೆಡ್‌ಫೋನು ಕಪಾಟು ಸೇರಿತು, ಸ್ಪೀಕರು ಮತ್ತೆ ಬಾಯಿ ತೆರೆಯಿತು.

ನಾಲ್ಕನೆಯ ವಾರದ ಸೋಮವಾರ ಸೊಸೆ ಮನೆಗೆ ಬಂದವಳು ಮಲಗಲಿಲ್ಲ. ಅಂಗಿಯನ್ನೂ ಬದಲಿಸದೆ ಮೇಜಿನ ಮುಂದೆ ಕೂತಳು. ಮಗನೂ ಪಟಾಕಿಯೂ ಬರುವವರೆಗೆ ಹಾಗೇ ಕೂತಿದ್ದಳು. ಅಜ್ಜಿ ಎರಡು ಸಲ ಚಹಾ ಮಾಡಿಟ್ಟರು, ಎರಡೂ ಆರಿಹೋದವು.

“ಇವತ್ತು ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ,” ಎಂದಳು ಸೊಸೆ, ಎಲ್ಲರೂ ಊಟಕ್ಕೆ ಕೂತ ಮೇಲೆ. “ಹಾಕಿದ್ದು ನೆನಪೇ ಇಲ್ಲ. ನಿಂತಲ್ಲೇ ತೂಕಡಿಸ್ತಿದ್ದೆ. ಇನ್ನೂರು ಬನ್ನು ಕಸಕ್ಕೆ ಹೋಯ್ತು. ಇನ್ನೊಂದು ಸಲ ಹಿಂಗಾದ್ರೆ ಕೆಲಸಕ್ಕೆ ಬರಬೇಡ ಅಂದ್ರು ಯಜಮಾನ್ರು. ಎಲ್ಲರ ಮುಂದೆ. ಹದಿನಾರು ವರ್ಷದಲ್ಲಿ ನಾನು ಒಂದು ಬನ್ನು ಕೆಡಿಸಿದವಳಲ್ಲ.”

ಅಜ್ಜಿ ಆರಿದ ಚಹಾದ ಲೋಟಗಳನ್ನು ಪಕ್ಕಕ್ಕೆ ಸರಿಸಿದರು.

“ನಿಮ್ಮ ಸಂಗೀತ ಚೆನ್ನಾಗೇ ಇರಬಹುದು ಅತ್ತೆ. ನನಗೇನು ಗೊತ್ತು? ಆ ಗೋಡೆ ಆಚೆ ನನಗೆ ಕೇಳೋದು ಬರೀ ಧಂ, ಧಂ, ಧಂ. ಒಂದು ಹಾಡಲ್ಲ, ಒಂದು ರಾಗ ಅಲ್ಲ. ಬರೀ ಅದೊಂದೇ. ಅದನ್ನ ಕೇಳಿಕೊಂಡು ಯಾರಾದ್ರೂ ಹೆಂಗೆ ಬದುಕ್ತಾರೆ ಹೇಳಿ!”

ಮಗ ತಾಯಿಯತ್ತ ನೋಡಿದ. ಅಜ್ಜಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡು ಹೋದರು. ನೀರು ಬಿಟ್ಟ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಸೊಸೆ ಬೇಕರಿಯಲ್ಲಿದ್ದಾಗ ಅಜ್ಜಿ ಪಟಾಕಿಯನ್ನು ಕರೆದು, “ನೀನು ಕೆಲಸಕ್ಕೆ ಹೋಗೋ ಮುಂಚೆ ಎರಡು ಹಾಡು ಹಾಕು. ನಾನು ಎಷ್ಟು ಸಣ್ಣಗೆ ಇಡ್ತೀನೋ ಅಷ್ಟೇ ಇಡು,” ಎಂದರು. ತಾವು ಸೊಸೆಯ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅವಳ ಮಂಚದ ಮೇಲೆ ಅವಳು ಮಲಗುವ ಕಡೆಗೇ ತಲೆಯಿಟ್ಟು ಮಲಗಿದರು.

ಎರಡನೆಯ ಹಾಡು ಮುಗಿಯುವ ಮುಂಚೆಯೇ ಹೊರಗೆ ಬಂದರು. ಕೆನ್ನೆ ಬಿಳಿಚಿತ್ತು.

“ಏನಾಯ್ತಜ್ಜಿ?”

“ಲಾಂಡ್ರಿಗೆ ಹೋಗಿಬಂದೆ,” ಎಂದರು ಅಜ್ಜಿ. “ಅದೇ ಚಾವಣಿ. ನಾನಾದ್ರೂ ಅದಕ್ಕೆ ಸಂಬಳ ತಗೊಳ್ತಿದ್ದೆ. ಅವಳು ದುಡಿದು ಬಂದು ಅದರಡೀಲಿ ಮಲಗ್ತಾಳಲ್ಲೇ.” ಬಗ್ಗಿ ಗೋಡೆಯ ಪ್ಲಗ್ಗು ಕಿತ್ತರು. “ವೈರು ಸುತ್ತು. ಅಂಗಡಿಗೆ ವಾಪಸ್ ಕೊಟ್ಟುಬಿಡೋಣ. ಅರ್ಧ ಬೆಲೆಯಾದ್ರೂ ಕೊಡ್ತಾನೆ.”

ಮಧ್ಯಾಹ್ನ ಸೊಸೆ ಬಂದಾಗ ಮೇಜು ಮತ್ತೆ ನಡುಮನೆಯಲ್ಲಿತ್ತು. ನಾಲ್ಕು ಕಡೆ ನಾಲ್ಕು ಕುರ್ಚಿ. ಬಾಗಿಲ ಪಕ್ಕದಲ್ಲಿ ಮೂರು ರಟ್ಟಿನ ಪೆಟ್ಟಿಗೆ, ಅವುಗಳಿಗೆ ಅಚ್ಚುಕಟ್ಟಾಗಿ ದಾರ ಕಟ್ಟಿತ್ತು. ಅಜ್ಜಿ ನಗುನಗುತ್ತಲೇ ಮೊಟ್ಟೆ ಬೇಯಿಸಿ ಬಡಿಸಿದರು. ಸೊಸೆ ತಿಂದು ಮಲಗಿದಳು. ಎಂದೂ ಇಲ್ಲದಷ್ಟು ನಿಶ್ಶಬ್ದ. ನಾಲ್ಕು ಗಂಟೆ ಕೊರಡಿನಂತೆ ಬಿದ್ದುಕೊಂಡಿದ್ದಳು. ಎದ್ದು ಹೊರಗೆ ಬಂದಾಗ ಅಜ್ಜಿ ಕಿಟಕಿಯ ಬಳಿ ಆಲೂಗಡ್ಡೆ ಸುಲಿಯುತ್ತಿದ್ದರು. ಗುನುಗುತ್ತಿರಲಿಲ್ಲ. ಸೊಸೆಗೆ ಅದೇಕೋ ಸರಿ ಎನಿಸಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಪಟಾಕಿ ಸಿಡಿದಳು.

“ಅಪ್ಪಾ, ನಿನ್ನ ಅಂಗಡೀಲಿ ಜಾಗ ಇದೆ.”

“ಎಲ್ಲಿದೆ ಜಾಗ? ಸೋಫಾ ಮೇಲೆ ಸೋಫಾ ಇಟ್ಟಿದ್ದೀನಿ.”

“ಹಿಂದಿನ ಕೋಣೆ. ಬಟ್ಟೆ ಸುರುಳಿ, ಸ್ಪಂಜು ಇಟ್ಟಿದ್ದೀಯಲ್ಲ, ಅಲ್ಲಿ.”

“ಅದು ಕೆಲಸದ ಜಾಗ ಕಣೆ. ಧೂಳು, ಮೊಳೆ, ಅಂಟು. ಗಿರಾಕಿ ಬಂದು ಇದೇನು ಕ್ಲಬ್ಬು ತೆಗೆದಿದ್ದೀಯಾ ಅಂದ್ರೆ? ನಾನು ದಿನವಿಡೀ ಸುತ್ತಿಗೆ ಬಡಿಯೋನು. ಅಮ್ಮ ಅಲ್ಲಿ ಬಂದು…”

“ರೀ,” ಎಂದಳು ಸೊಸೆ.

ಮಗ ನಿಲ್ಲಿಸಿದ.

“ನಾನು ಮಲಗಬೇಕು. ಅತ್ತೆ ಕೇಳಬೇಕು. ನಿಮ್ಮ ಅಂಗಡಿ ಸೋಫಾಗಳಿಗೇನು ಮಧ್ಯಾಹ್ನ ನಿದ್ದೆ ಬೇಕಾ?”

ಪಟಾಕಿ ನೀರು ಕುಡಿಯುತ್ತಿದ್ದವಳು ಅದನ್ನು ಮೂಗಿನಿಂದ ಹೊರಗೆ ಬಿಟ್ಟಳು. ಮಗ ಏನೋ ಹೇಳಲು ಹೋಗಿ ತಾನೂ ನಕ್ಕ. ಅಜ್ಜಿ ಮಾತ್ರ, “ಬೇಡಪ್ಪ, ನಿನಗೆ ತೊಂದರೆ,” ಎಂದರು. ಹಾಗೆನ್ನುತ್ತಲೇ ದಾರ ಕಟ್ಟಿದ ಪೆಟ್ಟಿಗೆಗಳತ್ತ ಒಂದು ಸಲ ನೋಡಿದರು. ಅವರು ನೋಡಿದ್ದನ್ನು ಮೂವರೂ ನೋಡಿದರು.

ಗುರುವಾರ ಮಗ ತಳ್ಳುಗಾಡಿಯಲ್ಲಿ ಪೆಟ್ಟಿಗೆಗಳನ್ನು ಸಾಗಿಸಿದ. ಹಿಂದಿನ ಕೋಣೆಯ ಎರಡು ಗೋಡೆಗಳಿಗೆ ಬಟ್ಟೆಯ ಸುರುಳಿಗಳು ಒರಗಿದ್ದವು. ಮೂರನೆಯದರ ತುಂಬ ಸ್ಪಂಜಿನ ಹಾಳೆಗಳು. ಅಜ್ಜಿ ಟೇಪು ಹಿಡಿದು ತಮ್ಮ ತ್ರಿಕೋನ ಅಳೆದರು. ಕೂರಲು ರಿಪೇರಿಯಾದ ಆರಾಮ ಕುರ್ಚಿಯೊಂದು ಸಿಕ್ಕಿತು. ಅದರ ಒಡತಿ ಎಂಟು ತಿಂಗಳಿನಿಂದ ಅದನ್ನು ಒಯ್ಯಲು ಬಂದಿರಲಿಲ್ಲ.

ಮಗ ಮುಂದಿನ ಕೋಣೆಯಲ್ಲಿ ಒಂದು ದಿವಾನ್ ಮಂಚಕ್ಕೆ ಮೊಳೆ ಹೊಡೆಯುತ್ತಿದ್ದ. ಹಿಂದಿನಿಂದ ಬೇಸು ಬಂತು. ಅವನು ಹುಬ್ಬು ಗಂಟಿಕ್ಕಿ ಹೊಡೆಯುತ್ತಲೇ ಇದ್ದ. ಡ್ರಮ್ಮಿನ ಚರ್ಮವನ್ನು ತಂತಿ ಬ್ರಶ್ಶು ಸವರಿತು. ಅಕ್ಕಿ ಕೇರಿದ ಹಾಗೆ ಸದ್ದು. ಆಮೇಲೆ ಪಿಯಾನೊ. ಸುತ್ತಿಗೆ ಕೈಯಲ್ಲೇ ನಿಂತಿತು. ಅವನು ಬಂದು ಬಾಗಿಲಲ್ಲಿ ಇಣುಕಿದ.

“ಅಮ್ಮಾ, ಪಿಯಾನೊ ಎಲ್ಲಿಂದ ಬರ್ತಿದೆ? ಆ ಪೆಟ್ಟಿಗೆಯಿಂದಲೂ ಅಲ್ಲ, ಈ ಪೆಟ್ಟಿಗೆಯಿಂದಲೂ ಅಲ್ಲ.”

“ಅಲ್ಲಿ, ಹಸಿರು ಬಟ್ಟೆ ಸುರುಳಿ ಇದೆಯಲ್ಲ, ಅದರ ಮುಂದೆ.”

ಮಗ ಹೋಗಿ ಹಸಿರು ಸುರುಳಿಯ ಹಿಂದೆ ಕೈಯಾಡಿಸಿ ನೋಡಿದ. ಅಜ್ಜಿ ನಗೆ ತಡೆಯಲಾರದೆ ಸೆರಗಿಂದ ಬಾಯಿ ಒತ್ತಿಕೊಂಡರು. “ಮನೆಯಲ್ಲಿ ಇಷ್ಟು ಚೆನ್ನಾಗಿ ಕೇಳ್ತಿರಲಿಲ್ಲ ಕಣೋ. ಅಲ್ಲಿ ಬರಿಗೋಡೆ, ಎಲ್ಲ ತಿರುಗಿ ಬಂದು ಬಡೀತಿತ್ತು. ನಿನ್ನ ಸ್ಪಂಜು ಅದನ್ನೆಲ್ಲ ನುಂಗಿಬಿಡುತ್ತೆ.”

“ಹದಿನೆಂಟು ವರ್ಷದಿಂದ ಸ್ಪಂಜು ಮಾರ್ತಿದ್ದೀನಿ,” ಎಂದ ಮಗ, “ಯಾರೂ ಹೊಗಳಿರಲಿಲ್ಲ.”

ಒಪ್ಪಂದವೊಂದು ತಾನಾಗಿಯೇ ಆಯಿತು. ಬೆಳಿಗ್ಗೆ ಸುತ್ತಿಗೆ, ಮಧ್ಯಾಹ್ನ ಎರಡರಿಂದ ನಾಲ್ಕು ಕೈಹೊಲಿಗೆ. ಕೈಹೊಲಿಗೆಗೆ ಸದ್ದಿಲ್ಲ. ಅಜ್ಜಿ ಸುಮ್ಮನೆ ಕೂರುವವರಲ್ಲ. ಸುಕ್ಕುಗಟ್ಟಿದ ಹೊದಿಕೆ ಬಟ್ಟೆಗಳನ್ನು ಕಂಡು, ಮೂರನೆಯ ದಿನವೇ ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದರು. ಮಗ ಹೊದಿಸಿದ ಸೋಫಾಗಳ ಮೇಲೆ ಒಂದು ಗೆರೆಯೂ ಕಾಣದಂತಾಯಿತು. ಗಿರಾಕಿಗಳೂ ಗಮನಿಸಿದರು. ಕುರ್ಚಿ ಒಯ್ಯಲು ಬಂದ ದಂತವೈದ್ಯರೊಬ್ಬರು ಸಂಗೀತ ಕೇಳಿ, ತಮ್ಮ ಕುರ್ಚಿಯಲ್ಲೇ ಐವತ್ತು ನಿಮಿಷ ಕೂತು, “ಇದು ಎಷ್ಟಾಯ್ತು?” ಎಂದು ಸ್ಪೀಕರು ತೋರಿಸಿ ಕೇಳಿದರು. ಅಜ್ಜಿ ಬೆಲೆ ಹೇಳಿದಾಗ ನಂಬಲಿಲ್ಲ. ಹಳೆ ರೇಡಿಯೊ ಅಂಗಡಿಯ ವಿಳಾಸ ಬರೆದುಕೊಂಡು ಹೋದರು. ಕುರ್ಚಿ ಮರೆತು ಹೋದರು.

ಮನೆಯಲ್ಲಿ ಸೊಸೆ ಕಣ್ತುಂಬ ನಿದ್ದೆ ಮಾಡಿದಳು. ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು. ಬೇಕರಿಯ ಯಜಮಾನರು ಹೊಸಬರಿಗೆ ಹಿಟ್ಟು ನಾದುವುದನ್ನು ಕಲಿಸಲು ಅವಳನ್ನೇ ನಿಲ್ಲಿಸಿದರು. ಆದರೆ ಅವಳು ಅಂಗಡಿಯತ್ತ ಹೆಜ್ಜೆ ಹಾಕಲಿಲ್ಲ. ಗಂಡ, ಮಗಳು ಊಟಕ್ಕೆ ಕೂತರೆ ಸ್ಯಾಕ್ಸೊಫೋನು ಹಾಗೆ, ಟ್ರಂಪೆಟ್ಟು ಹೀಗೆ ಎಂದು ಶುರು ಮಾಡುತ್ತಿದ್ದರು. ಅವಳು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಒಂದು ಭಾನುವಾರ, ಅವಳ ರಜೆಯ ದಿನ, ಗಂಡ ಊಟದ ಡಬ್ಬಿ ಮರೆತು ಹೋಗಿದ್ದ. ಸೊಸೆ ಅದನ್ನು ತಲುಪಿಸಲು ಹೋದಳು. ಜೊತೆಗೆ ಬೆಳಿಗ್ಗೆ ಮನೆಯಲ್ಲೇ ಬೇಯಿಸಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಳು. ಗಂಡ ಯಾರದೋ ಮನೆಗೆ ಅಳತೆ ತೆಗೆಯಲು ಹೋಗಿದ್ದ. ಹಿಂದಿನ ಕೋಣೆಯಲ್ಲಿ ಅಜ್ಜಿ ಒಬ್ಬರೇ ಬಟ್ಟೆ ಮಡಚುತ್ತಿದ್ದರು. ಸೊಸೆಯನ್ನು ಕಂಡವರೇ ಕೈಚಾಚಿ ಸಂಗೀತ ಆರಿಸಿಬಿಟ್ಟರು.

“ಯಾಕೆ ಆರಿಸಿದ್ರಿ?”

“ನಿನಗೆ ಆಗಲ್ಲವಲ್ಲ ಅಂತ.”

“ನಾನು ಕೇಳೇ ಇಲ್ಲವಲ್ಲ ಅತ್ತೆ. ನಾನು ಕೇಳಿದ್ದು ಗೋಡೆನ.” ಸೊಸೆ ಡಬ್ಬಿ ಕೆಳಗಿಟ್ಟು ಆರಾಮ ಕುರ್ಚಿಯ ಅಂಚಿನಲ್ಲಿ ಕೂತಳು. “ಹಾಕಿ. ಒಂದೇ ಒಂದು. ಆಮೇಲೆ ನನಗೆ ಬಟ್ಟೆ ಒಗೆಯೋದಿದೆ.”

ಅಜ್ಜಿ ಸಿ.ಡಿ.ಗಳನ್ನು ತಿರುವಿ ಹಾಕಿ, ಒಂದನ್ನು ತೆಗೆದು, ಬೇಡವೆಂದು ಇಟ್ಟು, ಇನ್ನೊಂದನ್ನು ತೆಗೆದರು. ನಿಧಾನದ ಹಾಡು. ಬೇಸು, ಡ್ರಮ್ಮು, ಒಂದು ಸ್ಯಾಕ್ಸೊಫೋನು, ಮೂರೇ ಜನ. ಅಜ್ಜಿ ಸ್ಪಂಜಿನ ರಾಶಿಯ ಮೇಲೆ ಕೂತು, ಕದ್ದು ಸೊಸೆಯ ಮುಖ ನೋಡತೊಡಗಿದರು. ಸೊಸೆ ಮೊದಲು ಮೂಲೆಯ ಬೀರುವಿನ ಮೇಲಿನ ಧೂಳನ್ನು ನೋಡುತ್ತಿದ್ದಳು. ಆಮೇಲೆ ಎಲ್ಲಿಯೂ ನೋಡುತ್ತಿರಲಿಲ್ಲ. ಬೆನ್ನು ಮೆಲ್ಲಗೆ ಕುರ್ಚಿಗೆ ಒರಗಿತು.

ಇದ್ದಕ್ಕಿದ್ದಂತೆ, “ಅವನು ಉಸಿರು ತಗೊಂಡ!” ಎಂದಳು.

“ಯಾರು?”

“ಆ ಊದುವವನು. ಊದೋಕೆ ಮುಂಚೆ ಉಸಿರೆಳೆದ. ಅಗೋ, ಮತ್ತೆ!”

ಅಜ್ಜಿ ಮುಂದಕ್ಕೆ ಬಾಗಿದರು. ಎಡಗಿವಿ ಕೊಟ್ಟು ನೋಡಿದರು, ಬಲಗಿವಿ ಕೊಟ್ಟು ನೋಡಿದರು. ಬೇಸು ಕೇಳುತ್ತಿತ್ತು, ಸ್ಯಾಕ್ಸೊಫೋನು ಕೇಳುತ್ತಿತ್ತು. ಉಸಿರು ಕೇಳಲಿಲ್ಲ.

“ನನಗಿಲ್ಲವಲ್ಲೇ. ದಿನಾ ಇದೇ ಹಾಡು ಹಾಕ್ತೀನಿ. ಉಸಿರು ಎಲ್ಲಿದೆ?”

“ಸಣ್ಣಗೆ ಇದೆ ಅತ್ತೆ. ಬಿಸಿ ಬ್ರೆಡ್ಡು ಮುರಿದಾಗ ಬರುತ್ತಲ್ಲ, ಅಷ್ಟು.”

ಅಜ್ಜಿ ಮುಖ ಸಪ್ಪಗೆ ಮಾಡಿ, “ಎಪ್ಪತ್ತೊಂದರ ಕಿವಿ. ಅಷ್ಟು ಸಣ್ಣದಕ್ಕೆ ಎಟುಕಲ್ಲ ಅನ್ಸುತ್ತೆ,” ಎಂದರು.

ಸೊಸೆ ಒಂದು ಕ್ಷಣ ಅವರನ್ನೇ ನೋಡಿದಳು. ಎದ್ದು ಬಂದು ಸ್ಪಂಜಿನ ರಾಶಿಯ ಮೇಲೆ ಅವರ ಪಕ್ಕ, ಭುಜಕ್ಕೆ ಭುಜ ತಾಗುವಂತೆ ಕೂತಳು. “ಮೊದಲಿಂದ ಹಾಕಿ,” ಎಂದಳು.

“ಬಟ್ಟೆ ಒಗೆಯೋದಿದೆ ಅಂದೆ?”

“ಹಾಕಿ ಅತ್ತೆ.”

ಹಾಡು ಮೊದಲಿನಿಂದ ಶುರುವಾಯಿತು. ಬೇಸು ನಾಲ್ಕು ಹೆಜ್ಜೆ ನಡೆದುಬಂತು, ಬ್ರಶ್ಶು ಅದರ ಹಿಂದೆಯೇ ಬಂತು. ಸೊಸೆ ಅತ್ತೆಯ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅದರ ಮೇಲೆ ತನ್ನ ಬೆರಳನ್ನು ಎತ್ತಿ ಹಿಡಿದಳು. ಕಾದಳು. ಆಮೇಲೆ ಬೆರಳು ಇಳಿದು ಅಂಗೈಯನ್ನು ಮೆಲ್ಲಗೆ ಮುಟ್ಟಿತು. ಅದರ ಬೆನ್ನಲ್ಲೇ ಸ್ಯಾಕ್ಸೊಫೋನು ದನಿ ತೆಗೆಯಿತು.

“ಈಗಲಾ?” ಎಂದರು ಅಜ್ಜಿ.

“ಈಗಲೇ. ಸುಮ್ನಿರಿ, ಮತ್ತೆ ಬರ್ತಾನೆ.”